ಪಿತ್ತದ ಮೈ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಗಳನ್ನು ಮುಚ್ಚಿದ ಮೇಲೆ ಇನ್ನೊಂದು ಸಣ್ಣ ಡಬ್ಬಿ ಹೊರಗೆ ಬರುತ್ತದೆ. ಅದು ವಿಜ್ಞಾನ ಕಲಿಸುವ ಶಾಂತಕ್ಕನದು. ಅದರಲ್ಲಿ ಉಪ್ಪು, ನಿಂಬೆರಸ ಹಾಕಿ ಹುರಿದ ಅಜವಾನ, ಅಂದರೆ ಓಮದ ಕಾಳು, ಇರುತ್ತದೆ. ಹೆಡ್‌ಮಾಸ್ತರರಿಂದ ಹಿಡಿದು ಎಲ್ಲರೂ ಅಂಗೈ ಚಾಚುತ್ತಾರೆ, ಎಲ್ಲರಿಗೂ ಒಂದೊಂದು ಚಿಟಿಕೆ ಸಿಗುತ್ತದೆ. ನಾನು ಮಾತ್ರ ಕಿಟಕಿಯ ಕಡೆ ತಿರುಗಿ ಕೂಡುತ್ತೇನೆ. ಹುನಗುಂದದ ಮಧ್ಯಾಹ್ನದ ಬಿಸಿಲಿನಲ್ಲಿ ಆ ಕಿಟಕಿಯಾಚೆ ನೋಡುವಂಥದ್ದೇನೂ ಇಲ್ಲ. ಒಂದು ಬೋಳು ಮೈದಾನ, ಒಂದು ನೀರಿನ ಟ್ಯಾಂಕು, ಅಷ್ಟೆ. ಆದರೂ ಆ ವಾಸನೆ ಹೋಗುವ ತನಕ ಅದನ್ನೇ ನೋಡುತ್ತ ಕೂಡುತ್ತೇನೆ.

ಜೀರ್ಣಕ್ಕೆ ಒಳ್ಳೆಯದು, ಒಂದು ಸಲ ತಿಂದು ನೋಡಿ ಎಂದು ಶಾಂತಕ್ಕ ಒತ್ತಾಯ ಮಾಡುತ್ತಾಳೆ. ಒಮ್ಮೆ ಹಲ್ಲುನೋವು ಅನ್ನುತ್ತೇನೆ, ಇನ್ನೊಮ್ಮೆ ಗಂಟಲು ಕೆರೆತ ಅನ್ನುತ್ತೇನೆ. ಕನ್ನಡ ಕಲಿಸುವವಳಿಗೆ ನೆಪಗಳಿಗೇನು ಬರ. ನಿಜವಾದ ಕಾರಣವನ್ನು ನಿಮಗೆ ಹೇಳಬಹುದು ಅನ್ನಿಸುತ್ತದೆ, ನೀವು ನಮ್ಮ ಸ್ಟಾಫ್ ರೂಮಿನವರಲ್ಲವಲ್ಲ.

ಹಾಗಂತ ಅಜವಾನದ ಮೇಲೆ ನನಗೆ ಹುಟ್ಟಿನಿಂದ ದ್ವೇಷವೇನಿರಲಿಲ್ಲ. ಗುಳೇದಗುಡ್ಡದ ನಮ್ಮ ತವರುಮನೆಯಲ್ಲಿ ಮುಂದಿನ ಕೋಣೆ ಮಗ್ಗದ್ದು, ಹಿಂದಿನದು ಒಲೆಯದು, ನಡುವಿನದರಲ್ಲಿ ಉಳಿದ ನಾವೆಲ್ಲ. ಅಪ್ಪ ಬೆಳಗಾದರೆ ಮಗ್ಗಕ್ಕೆ ಕೂತು ರವಿಕೆಯ ಖಣ ನೇಯುತ್ತಿದ್ದರು. ಆ ಲಟಪಟ ಸದ್ದು ನಿಂತರೆ ಮಾತ್ರ ನಮಗೆ ಎಚ್ಚರವಾಗುತ್ತಿತ್ತು. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಗಣಿತದ ಪರೀಕ್ಷೆ ಇದ್ದ ದಿನ ನನಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಆಯಿ ನನ್ನನ್ನು ಕಂಬಳಿಯ ಮೇಲೆ ಅಂಗಾತ ಮಲಗಿಸಿ, ಹೊಕ್ಕುಳಕ್ಕೆ ಹೆಬ್ಬೆರಳು ಇಟ್ಟು, ಕಣ್ಣು ಮುಚ್ಚಿ ಏನೋ ಆಲಿಸಿದವಳಂತೆ ಮಾಡಿ, ಬಟ್ಟಿ ಬಿದ್ದಿದೆ, ಹೊಕ್ಕುಳ ಜಾರಿದೆ ಎಂದು ತೀರ್ಪು ಕೊಡುತ್ತಿದ್ದಳು. ಆಮೇಲೆ ಬೆಚ್ಚಗಿನ ಎಣ್ಣೆ ಹಚ್ಚಿ ಸುತ್ತ ತಿಕ್ಕುವುದು, ಎರಡು ಕಾಳು ಅಜವಾನ ಅಗಿಸಿ ಬಿಸಿನೀರು ಕುಡಿಸುವುದು. ಶಾಲೆಯ ಗಂಟೆ ಬಾರಿಸಿದ ಸದ್ದು ಕೇಳಿದ ಮೇಲೆ ನನ್ನ ನೋವು ಇಳಿಯುತ್ತಿತ್ತು. ಆಯಿಗೆ ಅದು ಗೊತ್ತಿರಲೇಬೇಕು. ಆದರೂ ಆ ಹೆಬ್ಬೆರಳು ಒಂದು ದಿನವೂ ಒರಟಾಗಲಿಲ್ಲ.

ಸುಳ್ಳು ಹೊಟ್ಟೆನೋವಿಗೆ ಇಷ್ಟು ಮರ್ಯಾದೆ ಸಿಗುವ ಮನೆಯಲ್ಲಿ ಬೆಳೆದವಳು ನಾನು. ನಿಜವಾದ ಹೊಟ್ಟೆನೋವಿಗೆ ಸಾಕ್ಷಿ ಕೊಡಬೇಕಾಗುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು.

ನನ್ನನ್ನು ಕೊಟ್ಟಿದ್ದು ಇಳಕಲ್ಲಿಗೆ. ನನ್ನ ಗಂಡ ಮಹಾಂತೇಶ ಅವರದು ಸೀರೆಯ ಅಂಗಡಿ. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆಯದೇ ಮಾತು. ಕೆಟ್ಟವರು ಎಂದು ಹೇಳಿದರೆ ಬರೆಯುವುದು ನನಗೆ ಸುಲಭವಾಗುತ್ತಿತ್ತು, ಆದರೆ ಅವರು ಹಾಗಿರಲಿಲ್ಲ. ಓಣಿಯಲ್ಲಿ ಯಾರಿಗೆ ಏನಾದರೂ ಮೊದಲು ಓಡಿ ಬರುವುದು ಅವರ ಹತ್ತಿರವೇ. ಕೂಸಿಗೆ ಹೊಟ್ಟೆ ಉಬ್ಬರಿಸಿದರೆ, ಹುಡುಗಿಗೆ ಮುಟ್ಟಿನ ನೋವು ಬಂದರೆ, ಮುದುಕರಿಗೆ ಮಲ ಕಟ್ಟಿದರೆ, ಅತ್ತೆಯ ಕಪಾಟಿನಲ್ಲಿ ಎಲ್ಲಕ್ಕೂ ಒಂದು ಪುಡಿ ಇತ್ತು. ಜನ ವಾಸಿಯಾಗಿ ಬಂದು ಕೈಮುಗಿಯುತ್ತಿದ್ದರು. ಅಷ್ಟು ವರ್ಷ ತಪ್ಪದೆ ಇದ್ದವರಿಗೆ, ತಾನು ತಪ್ಪಬಹುದು ಎಂಬ ಅನುಮಾನ ಬರುವ ದಾರಿಯೇ ಮುಚ್ಚಿ ಹೋಗಿರುತ್ತದೆ.

ನಾನು ಬಸುರಿಯಾದೆ. ಮೊದಲು ಬಂದದ್ದು ವಾಂತಿ. ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ, ಆಮೇಲೆ ಹೊಸ ಸೀರೆಯ ಗಂಜಿಯ ವಾಸನೆಯೂ ಆಗದಾಯಿತು. ಸೀರೆ ವ್ಯಾಪಾರದವರ ಸೊಸೆ ಸೀರೆಗೆ ಮೂಗು ಮುಚ್ಚಿಕೊಂಡು ಓಡಾಡುವುದು ಅತ್ತೆಗೆ ಅಪಶಕುನದಂತೆ ಕಂಡಿರಬೇಕು. ಒಂಬತ್ತನೇ ತರಗತಿಗೆ ಷಟ್ಪದಿಯ ಲಕ್ಷಣ ಹೇಳುತ್ತಿದ್ದವಳು ಮೂರನೆಯ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದೆ. ಹಿಂದಿನ ಬೆಂಚಿನ ಹುಡುಗಿಯರಿಗೆ ಸುದ್ದಿ ತಿಳಿದದ್ದು ಹಾಗೆ. ನನ್ನ ತವರಿಗೆ ತಿಳಿದದ್ದು ಆಮೇಲೆ.

ವಾಂತಿ ನಿಂತಿತು ಎನ್ನುವಷ್ಟರಲ್ಲಿ ಎದೆಯುರಿ ಶುರುವಾಯಿತು. ತಿಂದದ್ದು ಗಂಟಲಿಗೆ ಬಂದು, ಹುಳಿಯಾಗಿ ಸುಟ್ಟು, ಮತ್ತೆ ಇಳಿದು ಹೋಗುತ್ತಿತ್ತು. ಜೊತೆಗೆ ರಕ್ತ ಹೆಚ್ಚಲಿ ಎಂದು ಕೊಟ್ಟ ಕಬ್ಬಿಣದ ಗುಳಿಗೆಯಿಂದ ಮಲಬದ್ಧತೆ. ಬೆಳಿಗ್ಗೆ ಶಾಲೆಯ ಬಸ್ಸು ಹಿಡಿಯುವ ಅವಸರದಲ್ಲಿ ನಾನು ಪಾಯಖಾನೆಯಲ್ಲಿ ಕೂತು ಸೋತು ಹೊರಗೆ ಬರುವಾಗ ಅಂಗಳದಲ್ಲಿದ್ದವರೆಲ್ಲ ನನ್ನ ಮುಖ ನೋಡಿ ಫಲಿತಾಂಶ ಓದಿಕೊಳ್ಳುತ್ತಿದ್ದರು. ಇಂಥದ್ದನ್ನೆಲ್ಲ ಬರೆಯಬಾರದು ಅನ್ನುತ್ತಾರೆ. ಬಸುರಿಯ ಬಗ್ಗೆ ಬರೆಯುವವರು ಮುಖದ ಕಳೆಯನ್ನು ಬರೆಯುತ್ತಾರೆ. ಕಳೆ ನನಗೂ ಇತ್ತಂತೆ, ಕನ್ನಡಿಯಲ್ಲಿ ನೋಡಿಕೊಳ್ಳಲು ಬಿಡುವಿರಲಿಲ್ಲ.

ಬಾಗಲಕೋಟೆಯಲ್ಲಿ ನಾವು ತೋರಿಸುತ್ತಿದ್ದ ಡಾಕ್ಟರಮ್ಮ ಹೇಳಿದ್ದು ಬಹಳ ಸರಳವಾಗಿತ್ತು. ಒಮ್ಮೆಲೇ ಹೊಟ್ಟೆ ತುಂಬ ಉಣ್ಣಬೇಡಿ, ಸ್ವಲ್ಪ ಸ್ವಲ್ಪ ಹಲವು ಸಲ ತಿನ್ನಿ. ಉಂಡ ಕೂಡಲೇ ಅಡ್ಡಾಗಬೇಡಿ. ಮಲಗುವಾಗ ತಲೆ, ಭುಜ ಎತ್ತರದಲ್ಲಿರಲಿ. ಖಾರ, ಕರಿದದ್ದು ಕಡಿಮೆ ಮಾಡಿ. ನೀರು ಹೆಚ್ಚು ಕುಡಿಯಿರಿ, ತಪ್ಪಲಪಲ್ಯ, ಕಾಳು, ಹಣ್ಣು ತಿನ್ನಿ, ಸಂಜೆ ನಡೆದಾಡಿ. ಗುಳಿಗೆ ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಆಗದಿದ್ದರೆ ಬನ್ನಿ, ಬದಲಿಸಿ ಕೊಡುತ್ತೇನೆ.

ಸರಳವಾದ ಮಾತುಗಳನ್ನು ಬೇರೆಯವರ ಅಡುಗೆಮನೆಯಲ್ಲಿ ನಡೆಸುವುದು ಎಷ್ಟು ಕಷ್ಟ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ನಾನು ಹೊತ್ತಿಗೊಮ್ಮೆ ಒಂದು ತುತ್ತು ತಿನ್ನುವುದನ್ನು ನೋಡಿ ಅತ್ತೆ, ಇದೇನು ಮೇಕೆ ಮೇಯ್ದಂತೆ ಎಂದರು. ಮಧ್ಯಾಹ್ನ ಉಂಡು ಕುರ್ಚಿಯಲ್ಲಿ ನೆಟ್ಟಗೆ ಕೂತರೆ, ಯಾರು ಬರುತ್ತಾರೆಂದು ಕಾಯುತ್ತಿದ್ದೀ ಎಂದರು. ನಮ್ಮ ಮನೆಯ ಅಡುಗೆಯಲ್ಲಿ ಎಣ್ಣೆಗಾಯಿಯಿಂದ ಸಾರಿನ ತನಕ ಎಲ್ಲದರದೂ ಒಂದೇ ಕೆಂಪು ಬಣ್ಣ. ಅದನ್ನು ಬಿಟ್ಟು ನಾನು ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಂಡು ಉಂಡದ್ದು ಅವರ ಕೈರುಚಿಗೆ ಮಾಡಿದ ಅವಮಾನವಾಯಿತು. ಓಣಿಯಲ್ಲಿ ಕೇಳಿದವರಿಗೆಲ್ಲ ಅವರು, ನಮ್ಮ ಸೊಸೆಯದು ಪಿತ್ತದ ಮೈ ಎಂದು ಹೇಳತೊಡಗಿದರು. ಅಲ್ಲಿಂದ ಮುಂದೆ ನನಗೆ ಏನೇ ಆದರೂ ಕಾರಣ ಮೊದಲೇ ತಯಾರಿರುತ್ತಿತ್ತು.

ಆದರೂ ಅದೇ ಅತ್ತೆ ಒಂದು ಸಂಜೆ ನನ್ನ ತಲೆ ಬಾಚುತ್ತ, ಬಸುರಿನಲ್ಲಿ ಎದೆ ಉರಿದರೆ ಹುಟ್ಟುವ ಕೂಸಿನ ತಲೆ ತುಂಬ ಕೂದಲು ಎಂದು ಹೇಳಿದ್ದರು. ಓದಿದವಳಾದ ನಾನು ಅದನ್ನು ನಂಬಲಿಲ್ಲ. ಆದರೆ ಆಮೇಲೆ ಉರಿ ಬಂದಾಗಲೆಲ್ಲ ಗುಂಗುರು ಕೂದಲಿನ ಒಂದು ತಲೆಯನ್ನು ನೆನೆಸಿಕೊಂಡು ಅದನ್ನು ಸಹಿಸಿಕೊಂಡೆ.

ಕುಬಸದ ದಿನ, ಅಂದರೆ ಸೀಮಂತಕ್ಕೆ, ತವರಿನವರು ಬಂದರು. ಅಪ್ಪ ತನ್ನ ಮಗ್ಗದಲ್ಲೇ ನೇಯ್ದ ಹಸಿರು ಖಣ ತಂದಿದ್ದರು. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಎಲ್ಲರೂ ಒಂದೊಂದು ತುತ್ತು ಹೋಳಿಗೆ ಬಾಯಿಗಿಟ್ಟರು. ಬೇಡ ಅನ್ನುವ ಅಧಿಕಾರ ಬಸುರಿಗೆ ಅವತ್ತು ಇರುವುದಿಲ್ಲ. ನನ್ನ ಅವ್ವ ಅವತ್ತೇ ನನ್ನನ್ನು ಹೆರಿಗೆಗೆ ಕರೆದುಕೊಂಡು ಹೋಗಬೇಕಿತ್ತು. ಅಮಾವಾಸ್ಯೆ ಮುಂದಿದೆ, ಅದು ಕಳೆದ ಮೇಲೆ ಕಳಿಸುತ್ತೇವೆ ಎಂದು ಅತ್ತೆ ಅಂದರು. ಬೀಗರ ಮಾತು ಮೀರುವುದು ಹೇಗೆ ಎಂದು ಅವ್ವ ನನ್ನನ್ನು ಬಿಟ್ಟೇ ಹೊರಟಳು.

ನೋವು ಶುರುವಾದದ್ದು ಅದರ ಮರುದಿನ. ಅದು ಎದೆಯುರಿ ಆಗಿರಲಿಲ್ಲ. ಎದೆಯುರಿಯ ಜೊತೆ ನಾನು ತಿಂಗಳುಗಟ್ಟಲೆ ಸಂಸಾರ ಮಾಡಿದ್ದೆ, ಅದರ ನಡೆ ನನಗೆ ಗೊತ್ತಿತ್ತು. ಇದು ಬಲಗಡೆ ಪಕ್ಕೆಲುಬಿನ ಕೆಳಗೆ ಒಂದು ಕಲ್ಲು ಇಟ್ಟು ಒಳಗಿನಿಂದ ಒತ್ತಿದಂತಿತ್ತು. ಕಾಲು ಬಾತು ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ತಲೆ ಸಿಡಿಯುತ್ತಿತ್ತು. ಹೋಳಿಗೆ ಜೀರ್ಣವಾಗಿಲ್ಲ ಎಂದರು ಅತ್ತೆ. ತಲೆನೋವು ಏಕೆಂದರೆ, ಪಿತ್ತ ನೆತ್ತಿಗೆ ಏರಿದೆ. ಕಾಲು ಬಾವು ಏಕೆಂದರೆ, ಬಸುರಿಗೆ ಬರುವುದೇ. ಒಂದೊಂದಕ್ಕೂ ಬೇರೆ ಬೇರೆ ಉತ್ತರ ಸಿಕ್ಕಿತು. ಮೂರೂ ಒಟ್ಟಿಗೆ ಬಂದಿವೆ ಎನ್ನುವುದನ್ನು ಯಾರೂ ನೋಡಲಿಲ್ಲ.

ಅಜವಾನ ಕುದಿಸಿದ ನೀರು ಕುಡಿಸಿದರು. ಅಜವಾನ ಅರೆದು ಹೊಟ್ಟೆಗೆ ಹಚ್ಚಿದರು. ಬಿಳಿ ಬಟ್ಟೆಯಲ್ಲಿ ಅಜವಾನದ ಗಂಟು ಕಟ್ಟಿ, ಹಂಚಿನ ಮೇಲೆ ಕಾಯಿಸಿ, ನೋಯುವ ಕಡೆ ಒತ್ತಿದರು. ಮಹಾಂತೇಶ ಔಷಧಿ ಅಂಗಡಿಯಿಂದ ಗುಲಾಬಿ ಬಣ್ಣದ ಒಂದು ಬಾಟಲಿ ತಂದುಕೊಟ್ಟರು. ಎಲ್ಲರೂ ಏನಾದರೊಂದು ಮಾಡುತ್ತಲೇ ಇದ್ದರು. ನಾನು ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತು ಅತ್ತೆಗೆ ಹೇಳಿದೆ.

"ಇದು ಬ್ಯಾರೆ ನೋವು ಐತ್ರಿ ಅತ್ತಿ. ಬಾಗಲಕೋಟಿಗೆ ಹೋಗಿ ತೋರಸ್ಕೊಂಡ ಬರೂಣ್ರಿ."

ಅವರು ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ನಾನೂ ಹಡದೇನಿ. ಗ್ಯಾಸಿಗೆಲ್ಲಾ ದವಾಖಾನಿಗೆ ಓಡಿದ್ರ ನಮ್ಮ ಕಾಲದಾಗ ಒಬ್ರೂ ಹಡೀತಿದ್ದಿಲ್ಲ. ಮುಂದಿನ ವಾರ ತೋರಸೂದು ಐತೆಲ್ಲ, ಅವಾಗ ಹೇಳು."

ಮಹಾಂತೇಶ ಅವರನ್ನು ಕೇಳಿದೆ. ಮದುವೆಯ ದಿನಗಳು, ಅಂಗಡಿಯಲ್ಲಿ ಜನ. ನಮ್ಮವ್ವನಿಗೆ ಇದೆಲ್ಲ ತಿಳಿಯುತ್ತದೆ, ಅವಳನ್ನೇ ಕೇಳು ಎಂದರು. ಮೃದುವಾಗಿಯೇ ಹೇಳಿದರು. ಅವರ ಮೃದುತನವನ್ನು ಮೆಚ್ಚಿಯೇ ನಾನು ಮದುವೆಗೆ ಒಪ್ಪಿದ್ದು. ಆಮೇಲೆ ಗುಳೇದಗುಡ್ಡಕ್ಕೆ ಫೋನು ಮಾಡಿ ನನ್ನ ಅವ್ವನಿಗೆ ಹೇಳಿಕೊಂಡೆ. ಹೊಟ್ಟೆ ಉಬ್ಬರಕ್ಕೆ ದವಾಖಾನೆಗೆ ಹೋಗುತ್ತೇನೆ ಅಂದರೆ ಬೀಗರು ಏನಂದಾರು, ಅಮಾವಾಸ್ಯೆ ಆಗಲಿ, ನಾನೇ ಬರುತ್ತೇನೆ, ಸ್ವಲ್ಪ ತಡೆದುಕೋ ಎಂದಳು. ಆಯಿ ಇದ್ದಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಆಯಿ ಇದ್ದಿದ್ದರೂ ಬಟ್ಟಿಯನ್ನೇ ತಿಕ್ಕುತ್ತಿದ್ದಳೇನೋ.

ಇನ್ನೂ ಎರಡು ದಿನ ತಡೆದುಕೊಂಡೆ. ಆ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಅಮಾವಾಸ್ಯೆ ಯಾವತ್ತು ಎಂದು ಹುಡುಕಲು ಹೋದರೆ ಅಂಕಿಗಳು ಇರುವೆಗಳಂತೆ ಚದುರಿ ಹೋದವು. ಕಣ್ಣ ಮುಂದೆ ಬೆಳಕಿನ ಕಿಡಿಗಳು ಹಾರಿದವು. ನನಗೆ ಭಯವಾಯಿತು. ಯಾರನ್ನೂ ಕೇಳಲಿಲ್ಲ. ಗೋಡೆ ಹಿಡಿದು ಹೊರಗೆ ಬಂದು, ಓಣಿಯ ತುದಿಯ ತನಕ ನಡೆದು, ಆಟೋ ಹತ್ತಿದೆ. ಅತ್ತೆ ಹಿಂದೆಯೇ ಓಡಿ ಬಂದು ಪಕ್ಕದಲ್ಲಿ ಕೂತರು. ಅವರ ಕೈಯಲ್ಲಿ ಇನ್ನೂ ಬಿಸಿಯಿದ್ದ ಆ ಅಜವಾನದ ಗಂಟು ಇತ್ತು.

ಊರಿನ ದವಾಖಾನೆಯಲ್ಲಿ ನರ್ಸು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು, ಮತ್ತೊಮ್ಮೆ ನೋಡಿದಳು, ಡಾಕ್ಟರರನ್ನು ಕರೆಯಲು ಹೋದಳು. ಒಂದು ಇಂಜೆಕ್ಷನ್ ಕೊಟ್ಟು ಆಂಬ್ಯುಲೆನ್ಸಿನಲ್ಲಿ ಬಾಗಲಕೋಟೆಗೆ ಕಳಿಸಿದರು. ಹುನಗುಂದ ದಾಟಿತು, ಅಮೀನಗಡದ ಕರದಂಟಿನ ಅಂಗಡಿಗಳು ದಾಟಿದವು. ದಾರಿಯುದ್ದಕ್ಕೂ ಅತ್ತೆ ಆ ಗಂಟನ್ನು ನನ್ನ ಹೊಟ್ಟೆಯ ಮೇಲೆ ಒತ್ತುತ್ತಲೇ ಇದ್ದರು. ಅದು ಆಗಲೇ ತಣ್ಣಗಾಗಿತ್ತು. ವಾಸನೆ ಮಾತ್ರ ಗಾಡಿಯ ತುಂಬ ಇತ್ತು.

ಡಾಕ್ಟರಮ್ಮ ಹೊಟ್ಟೆಯ ಮೇಲೆ ಮಷೀನು ಇಟ್ಟು ಬಹಳ ಹೊತ್ತು ಹುಡುಕಿದರು. ಪ್ರತಿಸಲ ಕೂಸಿನ ಎದೆಬಡಿತ ಟಕಟಕ ಕೇಳುತ್ತಿದ್ದ ಕಡೆ ಏನೂ ಕೇಳಲಿಲ್ಲ. ಅವರು ಮಷೀನು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು.

"ಇದು ಗ್ಯಾಸ್ ಅಲ್ಲವ್ವಾ. ಬಿ.ಪಿ. ಏರಿ ಲಿವರ್‌ಗೆ ಪೆಟ್ಟು ಬಿದ್ದೈತಿ, ಪಕ್ಕಡಿ ಕೆಳಗ ನೋಯೂದು ಅದಕ್ಕ. ಎಷ್ಟ ದಿನದಿಂದ ಐತಿ ಇದು?"

ನಾನು ಬಾಯಿ ತೆರೆಯುವುದರೊಳಗೆ ಅತ್ತೆ, ಕುಬಸದ ದಿನ ಊಟ ಸ್ವಲ್ಪ ಹೆಚ್ಚಾಗಿತ್ತು ಎಂದು ಹೇಳಿದರು. ಡಾಕ್ಟರಮ್ಮ ಅವರನ್ನು ನೋಡಿದರು, ಆಮೇಲೆ ನರ್ಸನ್ನು ಕರೆದರು.

ಹೆಣ್ಣು ಕೂಸು. ತೋರಿಸಿ ಎಂದು ನಾನೇ ಕೇಳಿಕೊಂಡೆ. ಬಿಳಿ ಬಟ್ಟೆ ಸರಿಸಿ ನರ್ಸು ತೋರಿಸಿದಳು. ತಲೆ ತುಂಬ ಕೂದಲಿತ್ತು, ಹಣೆಯ ತನಕ ಇಳಿದ ಕಪ್ಪು ಕೂದಲು. ಗುಂಗುರು ಇರಲಿಲ್ಲ. ನಾನು ಅಷ್ಟನ್ನೇ ನೋಡಿದೆ, ಮುಖ ನೋಡಿದ್ದು ನೆನಪಿಲ್ಲ. ನನ್ನ ಜೀವ ಉಳಿಸಲು ಅವರು ಆ ವಾರವೆಲ್ಲ ಹೆಣಗಿದರಂತೆ. ಅದನ್ನು ಎಲ್ಲರೂ ದೊಡ್ಡ ಭಾಗ್ಯ ಎಂದು ಹೇಳಿದರು. ಭಾಗ್ಯವೇ ಇರಬೇಕು.

ಮಾತಾಡಿಸಲು ಬಂದವರ ಮುಂದೆ ಅತ್ತೆ ಕಣ್ಣೀರು ಹಾಕಿದರು. ಅದು ನಾಟಕವಾಗಿರಲಿಲ್ಲ. ಅವರಿಗೂ ಆ ಕೂಸು ಬೇಕಿತ್ತು. ಆದರೆ ಅಳುತ್ತ ಅವರು ಹೇಳಿದ ಕಥೆಯಲ್ಲಿ ನನ್ನ ಪಿತ್ತದ ಮೈ ಇತ್ತು, ನಾನು ಬಸ್ಸಿನಲ್ಲಿ ಶಾಲೆಗೆ ಓಡಾಡಿದ್ದು ಇತ್ತು, ಹೊತ್ತು ಗೊತ್ತಿಲ್ಲದೆ ತಿಂದದ್ದು ಇತ್ತು. ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಾನು ಕೇಳಿಕೊಂಡದ್ದು ಇರಲಿಲ್ಲ. ದಿನ ಕಳೆದಂತೆ ಆ ಕಥೆ ಗಟ್ಟಿಯಾಯಿತು. ಧಾರವಾಡದ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದ ನನ್ನ ನಾದಿನಿ ಸುಮಾ ರಜೆಗೆ ಬಂದಾಗ, ಕೂಸು ನಿಲ್ಲಲಿಲ್ಲ ಎಂದಷ್ಟೇ ಹೇಳಿದರು. ಮಹಾಂತೇಶ ಎದ್ದು ಅಂಗಡಿಗೆ ಹೋದರು. ನಾನೂ ಬಾಯಿ ಬಿಡಲಿಲ್ಲ. ಹೇಳಿದರೆ ಏನಾಗುತ್ತದೆ ಎಂಬ ಭಯಕ್ಕಿಂತ, ಹೇಳಿದ ಮೇಲೂ ಏನೂ ಆಗದಿದ್ದರೆ ಎಂಬ ಭಯ ದೊಡ್ಡದಿತ್ತು.

ಎರಡನೆಯ ಸಲ ಬಸುರಿಯಾದಾಗ ನಾನು ಬಟ್ಟೆಬರೆ ಕಟ್ಟಿಕೊಂಡು ಗುಳೇದಗುಡ್ಡಕ್ಕೆ ಹೋಗಿ ಕೂತುಬಿಟ್ಟೆ. ಒಂದು ತೇಗು ಬಂದರೂ ಡಾಕ್ಟರಮ್ಮನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ಬಿ.ಪಿ. ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, ಈ ಸಲ ಇದು ಗ್ಯಾಸೇ, ಸಂತೋಷವಾಗಿ ಮನೆಗೆ ಹೋಗಿ ಎಂದು ನಗುತ್ತಿದ್ದರು. ಎದೆಯುರಿ ಆಗಲೂ ಇತ್ತು. ಅವ್ವ ಸ್ವಲ್ಪ ಸ್ವಲ್ಪವಾಗಿ ಉಣ್ಣಲು ಕೊಡುತ್ತಿದ್ದಳು, ತಲೆಗೆ ದಿಂಬಿನ ಮೇಲೆ ದಿಂಬು ಇಡುತ್ತಿದ್ದಳು, ಸಂಜೆ ನನ್ನ ಜೊತೆ ಓಣಿಯಲ್ಲಿ ನಡೆಯುತ್ತಿದ್ದಳು. ಅಷ್ಟಕ್ಕೇ ಉರಿ ಬಹಳಷ್ಟು ತಗ್ಗಿತು. ಹುಟ್ಟಿದ ಮಗ ಬೋಳು ತಲೆಯವನು, ಅಂಗೈಯಂತೆ ನುಣ್ಣಗೆ.

ವರ್ಷಗಳು ಕಳೆದವು, ಸುಮಾಳ ಮದುವೆಯೂ ಆಯಿತು, ಹೋದ ಬೇಸಿಗೆಯಲ್ಲಿ ಅವಳು ಚೊಚ್ಚಲ ಹೆರಿಗೆಗೆ ಇಳಕಲ್ಲಿನ ತವರಿಗೆ ಬಂದಳು. ಒಂದು ಸಂಜೆ ಮಿರ್ಚಿ ಭಜಿ ತಿಂದು, ಸ್ವಲ್ಪ ಹೊತ್ತಿಗೆ ಎದೆಯ ಕೆಳಗೆ ಕೈಯಿಟ್ಟುಕೊಂಡು ಮುಖ ಕಿವುಚಿದಳು. ನಾನು ಎದ್ದು ಅವಳ ಕಾಲು ಬಾತಿದೆಯೋ ಎಂದು ನೋಡಲು ಹೋಗುವುದರೊಳಗೆ ಅತ್ತೆ ಎದ್ದು ನಿಂತಿದ್ದರು. ಮಗನಿಗೆ ಫೋನು ಮಾಡಿ, ಅಂಗಡಿ ಮುಚ್ಚಿ ಕಾರು ತಾ ಎಂದರು.

"ಬಸರಿ ಹೊಟ್ಟಿ ನೋವು ಹಗರ ತಿಳೀಬಾರದು. ಮೊದಲ ಬಿ.ಪಿ. ನೋಡಸಬೇಕು" ಎಂದರು.

ಅವರ ಬಾಯಲ್ಲಿ ಬಿ.ಪಿ. ಎಂಬ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ನಾನು ನಿಂತಲ್ಲೇ ನಿಂತೆ. ಎಲ್ಲವನ್ನೂ ಕಲಿತಿದ್ದರು. ಎಲ್ಲಿ ಕಲಿತರು ಎಂಬುದನ್ನು ಮಾತ್ರ ಹೇಳಲಿಲ್ಲ. ದವಾಖಾನೆಯದೆಲ್ಲ ನಿನಗೆ ಗೊತ್ತಿದೆ, ನೀನೂ ನಡೆ ಎಂದು ನನ್ನನ್ನೂ ಕರೆದುಕೊಂಡರು.

ಡಾಕ್ಟರಮ್ಮ ಎಲ್ಲ ನೋಡಿದರು. ಬಿ.ಪಿ. ಸರಿಯಾಗಿತ್ತು, ಕೂಸಿನ ಎದೆಬಡಿತ ಕೋಣೆಗೆಲ್ಲ ಕೇಳಿತು. ಬರೀ ಗ್ಯಾಸು ಎಂದು ಹೇಳಿ ಒಂದು ಬಾಟಲಿ ಬರೆದುಕೊಟ್ಟರು. ಬಂದದ್ದು ಒಳ್ಳೆಯದೇ ಆಯಿತು ಎಂದೂ ಅಂದರು. ಹೊರಗೆ ಬಂದು ಅತ್ತೆ ಎಲ್ಲರಿಗೂ ಕಬ್ಬಿನ ಹಾಲು ಕೊಡಿಸಿದರು. ಸುಮಾ ಕ್ಷೇಮವಾಗಿದ್ದಾಳೆ ಎಂದು ನನಗೂ ಸಮಾಧಾನವಾಗಿತ್ತು, ಅದು ಸುಳ್ಳಲ್ಲ. ಆದರೆ ಆ ಗ್ಲಾಸು ನನ್ನ ಕೈಯಲ್ಲೇ ಉಳಿಯಿತು.

ವಾಪಸು ಬರುವಾಗ ಮಹಾಂತೇಶ ಕಾರು ನಡೆಸುತ್ತಿದ್ದರು, ಅತ್ತೆ ಅವರ ಪಕ್ಕದಲ್ಲಿ, ನಾನು ಮತ್ತು ಸುಮಾ ಹಿಂದೆ. ಅತ್ತೆ ಮಗಳಿಗೆ ಹೇಳಿಕೊಡುತ್ತಿದ್ದರು, ಸ್ವಲ್ಪ ಸ್ವಲ್ಪ ತಿನ್ನಬೇಕು, ಉಂಡ ಕೂಡಲೇ ಅಡ್ಡಾಗಬಾರದು, ಮಜ್ಜಿಗೆ ನುಚ್ಚು ಉಂಡರೆ ಹೊಟ್ಟೆ ತಣ್ಣಗಿರುತ್ತದೆ. ಎಲ್ಲ ಸರಿಯಾದ ಮಾತುಗಳೇ. ಸುಮಾ ನನ್ನ ಕಡೆ ತಿರುಗಿದಳು.

"ವೈನಿ, ನಿಮಗೂ ಮೊದಲನೇ ಸಲ ಹಿಂಗ ಆಗಿತ್ತೇನ್ರಿ?"

ನನಗಿಂತ ಮೊದಲು ಅತ್ತೆ ಮುಂದಿನಿಂದಲೇ ಉತ್ತರ ಕೊಟ್ಟರು. "ಆಕೀದು ಬಿಡು. ಪಿತ್ತದ ಮೈ."

ಇಷ್ಟು ವರ್ಷ ನುಂಗಿದ್ದು ಆಗ ಹೇಗೆ ಮೇಲೆ ಬಂತೋ ಗೊತ್ತಿಲ್ಲ. ನನ್ನ ದನಿ ತರಗತಿಯಲ್ಲಿ ಪಾಠ ಹೇಳುವಾಗಿನಂತೆ ಸಮವಾಗಿತ್ತು.

"ಪಿತ್ತ ಅಲ್ಲ ಸುಮಾ. ಬಿ.ಪಿ. ಏರಿತ್ತು. ದವಾಖಾನಿಗೆ ಹೋಗೂಣು ಅಂತ ನಾ ಕೇಳಿದ್ದೆ. ಗ್ಯಾಸ್ ಅಂದ್ರು, ಒಯ್ಯಲಿಲ್ಲ. ಕೂಸು ಹೋತು."

ಕಾರು ಅದೇ ವೇಗದಲ್ಲಿ ಹೋಗುತ್ತಿತ್ತು. ಸುಮಾ ತಾಯಿಯ ಬೆನ್ನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು, ಮಗನಿಗೆ ಹೇಳಿದರು.

"ಎ.ಸಿ. ಸ್ವಲ್ಪ ಕಡಿಮಿ ಮಾಡು. ಆಕಿಗೆ ಥಂಡಿ ಹತ್ತಾಕತ್ತೈತಿ."

ಆಕೆ ಅಂದರೆ ಅವರ ಮಗಳು. ಮಹಾಂತೇಶ ಎ.ಸಿ. ಕಡಿಮೆ ಮಾಡಿದರು.